ಸಾಹೇಬನ ಪಡಸಾಲೆ

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಚಟವಿದೆ. ಕೂಡ್ರಿ ಅಂದರೆ ಕೂಡ್ರುವುದಕ್ಕೆ ಮೊದಲು, ನೀರು ಕೊಟ್ಟರೆ ಕುಡಿಯುವುದಕ್ಕೆ ಮೊದಲು, ನನ್ನ ಕಣ್ಣು ಆ ಮನೆಯ ದಕ್ಷಿಣದ ಗೋಡೆಯನ್ನು ಹುಡುಕುತ್ತದೆ. ಅಲ್ಲಿ ಕಿಟಕಿ ಇದೆಯೋ ಇಲ್ಲವೋ, ಇದ್ದರೆ ತೆರೆದಿದೆಯೋ, ಅದರ ಮುಂದೆ ಕಪಾಟು ತಂದು ನಿಲ್ಲಿಸಿದ್ದಾರೋ, ಇಷ್ಟು ನೋಡದೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಹೋದ ವರ್ಷ ನಮ್ಮ ಬೀಗರ ಹೊಸ ಮನೆಯ ಪ್ರವೇಶಕ್ಕೆ ಹೋಗಿದ್ದೆ. ಹೋಳಿಗೆ ಬಡಿಸುವ ಹೊತ್ತಿಗೆ ನಾನು ಎಲೆಯ ಮುಂದೆ ಇಲ್ಲ. ಹುಡುಕಿಕೊಂಡು ಬಂದರೆ ಒಳಕೋಣೆಯಲ್ಲಿ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದೇನೆ.

"ಏನ್ ನೋಡಾಕತ್ತೀರಿ ಅಕ್ಕಾರ?" ಎಂದಳು ಮನೆಯಾಕೆ.

"ಇಲ್ಲೊಂದು ಕಿಟಕಿ ಬೇಕಾಗಿತ್ತಲ್ಲವ್ವಾ."

"ಅಯ್ಯ, ಅದು ತೆಂಕಲ ಗ್ವಾಡಿರಿ! ಯಾರರೆ ಅತ್ಲಾಗ ಕಿಟಕಿ ಇಡ್ತಾರೇನು? ಎಲ್ಲಾ ಕೇಳೇ ಕಟ್ಟಿಸೀವ್ರಿ."

ಸುಮ್ಮನೆ ಬಂದು ಹೋಳಿಗೆ ತಿಂದೆ. ಬಸ್ಸಿನಲ್ಲಿ ಮಗಳು ದಾರಿಯುದ್ದಕ್ಕೂ ಬೈದಳು. "ಮಂದಿ ಮನಿಗೆ ಹೋಗಿ ಗ್ವಾಡಿ ತಟ್ಟೂದು ಬಿಡಬೇ ಯವ್ವಾ. ಕಳುವಿನ ಮಾಲು ಹುಡುಕಾಕ ಬಂದ ಪೊಲೀಸರ ಗತೆ ಕಾಣ್ತೀ." ಅವಳು ಹೇಳುವುದೇನೋ ಖರೆ. ಆದರೆ ನಾನು ಗೌಂಡಿಯ ಮಗಳು. ಗೋಡೆ ಕಟ್ಟುವವನ ಮಗಳು ಗೋಡೆ ನೋಡದೆ ಇನ್ನೇನು ನೋಡಬೇಕು ಹೇಳಿ. ಅಪ್ಪನ ಓಳಂಬ ಈಗಲೂ ನನ್ನ ಮನೆಯ ಮೊಳೆಯೊಂದಕ್ಕೆ ತೂಗುಬಿದ್ದಿದೆ. ಓಳಂಬ ಅಂದರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು. ಮೊಮ್ಮಕ್ಕಳು ಅದನ್ನು ದೇವರ ಗಂಟೆ ಎಂದುಕೊಂಡು ಬಡಿದು ನೋಡಿ, ಸಪ್ಪಳ ಬರಲಿಲ್ಲವೆಂದು ಸಿಟ್ಟಾಗುತ್ತಾರೆ.

ಸಪ್ಪಳ ಮಾಡದ ವಸ್ತುಗಳೇ ನನ್ನನ್ನು ಹೆಚ್ಚು ಮಾತಾಡಿಸುತ್ತವೆ. ಅದಕ್ಕೇ ಇದನ್ನು ನಿಮ್ಮ ಮುಂದೆ ತೆಗೆದಿದ್ದೇನೆ.

ಅಪ್ಪನನ್ನು ಹಾನಗಲ್ಲಿನಲ್ಲಿ ಗೌಂಡಿ ಬಸಪ್ಪ ಎನ್ನುತ್ತಿದ್ದರು. ಅಕ್ಕಿಆಲೂರಿನ ಅಕ್ಕಿ ಗಿರಣಿಯ ಗೋಡೆ, ಸುತ್ತಲಿನ ಹಳ್ಳಿಗಳ ಬಾವಿಯ ಮೆಟ್ಟಿಲು, ಶ್ರೀಮಂತರ ಮನೆಯ ಕಮಾನು, ಎಲ್ಲದರಲ್ಲೂ ಅವನ ಕೈ ಇತ್ತು. ಅಕ್ಷರ ಬರುತ್ತಿರಲಿಲ್ಲ, ನಕಾಶೆ ಬರುತ್ತಿತ್ತು. ಕಾಗದದ ಮೇಲೆ ನಾಲ್ಕು ಗೆರೆ ಎಳೆದುಕೊಟ್ಟರೆ ಮನೆಯೊಳಗೆ ನಡೆದಾಡಿ ಬಂದವನಂತೆ ಹೇಳುತ್ತಿದ್ದ: "ಇಲ್ಲಿ ಅಡಿಗಿಮನಿ ಹೊಗಿ ಹಿಡೀತೈತಿ. ಇಲ್ಲಿ ಬಾಗಲಾ ತಲಿಗೆ ಬಡೀತೈತಿ." ಮನೆ ಕಟ್ಟಿಸುವವರ ಜೊತೆ ಅವನ ಜಗಳ ದಿನಾ ಇರುತ್ತಿತ್ತು. ಎಲ್ಲರಿಗೂ ಗೋಡೆ ಬೇಕು, ಅವನಿಗೆ ಮಾತ್ರ ಕಿಟಕಿ ಬೇಕು. "ಮನಿ ಅಂದ್ರ ಕಣಜ ಅಲ್ರಿ, ಅದರಾಗ ಮನಶ್ಯಾರು ಇರ್ತಾರ" ಎಂದು ಗದರಿಸಿ ಕಿಟಕಿ ಇಡಿಸುತ್ತಿದ್ದ. ನಮ್ಮ ಸ್ವಂತ ಮನೆಗೆ ಮಾತ್ರ ಸರಿಯಾದ ಒಂದು ಕಿಟಕಿಯೂ ಇರಲಿಲ್ಲ. ಅವ್ವ ಇದನ್ನು ಹತ್ತು ಜನರ ಮುಂದೆ ಹೇಳಿ ಅವನ ಮಾನ ಕಳೆಯುತ್ತಿದ್ದಳು.

ಒಮ್ಮೆ ಅಪ್ಪ ಸವಣೂರಿಗೆ ಕೆಲಸಕ್ಕೆ ಹೋಗಿದ್ದ. ಸವಣೂರು ಅಂದರೆ ನಮಗೆ ಖಾರ, ಬಾಯಾಡಿಸುವ ಕುರುಕಲು. ಬರುವಾಗ ಒಂದು ಪೊಟ್ಟಣ ಖಾರ ಬಂದೇ ಬರುತ್ತದೆಂದು ನಾನು ಸಂಜೆಯಿಂದ ಕಟ್ಟೆಯ ಮೇಲೆ ಬಾಯಿ ನೀರೂರಿಸಿಕೊಂಡು ಕೂತಿದ್ದೆ. ಅಪ್ಪ ಬಂದ. ತಲೆಯ ರುಮಾಲು ಬಿಚ್ಚಿ ಅದರಲ್ಲಿ ಏನನ್ನೋ ಕೂಸಿನಂತೆ ಸುತ್ತಿಕೊಂಡು ಎದೆಗೆ ಹಿಡಿದಿದ್ದ. ಬಿಚ್ಚಿದರೆ ಒಂದು ದೊಡ್ಡ ಪುಸ್ತಕ. ಗೆದ್ದಲು ತಿಂದ ರಟ್ಟು, ಮೊದಲ ಹಾಳೆಗಳು ಹರಿದುಹೋಗಿವೆ. ಒಳಗೆ ಪುಟಪುಟಕ್ಕೂ ಮನೆಗಳು.

"ಖಾರ ತರತೇನಂತ ಹೋದಾಂವ ರದ್ದಿ ತಂದಿ" ಎಂದಳು ಅವ್ವ.

"ರದ್ದಿ ಅಲ್ಲಬೇ. ಧಾರವಾಡದಾಗ ಒಬ್ಬ ಇಂಜಿನಿಯರ ಸಾಹೇಬ ವಿಲಾಯತಿಗೆ ಹೊಳ್ಳಿ ಹೋಗೋ ಮುಂದ ಅವನ ಸಾಮಾನು ಲಿಲಾವಿಗೆ ಹಾಕಿದ್ರಂತ. ಹಳೇ ಸಾಮಾನಿನ ಮೀರಾಸಾಬ ಹಿಡಕೊಂಡು ಬಂದಿದ್ದ. ಅವನ ಅಂಗಡಿ ಕಟ್ಟಿ ಮುರದಿತ್ತು. ಎರಡು ದಿನ ಕುಂತು ಕಟ್ಟಿಕೊಟ್ಟೆ, ಪುಸ್ತಕ ಕೊಟ್ಟ."

ಪುಸ್ತಕ ಬರೆದ ಸಾಹೇಬನ ಹೆಸರು ಹರಿದುಹೋದ ಹಾಳೆಯ ಜೊತೆಗೇ ಹೋಗಿತ್ತು. ಅವನು ವಿಕ್ಟೋರಿಯಾ ರಾಣಿಯ ಕಾಲದವನು, ಆ ಮನೆಗಳನ್ನೆಲ್ಲ ತಾನೇ ನಕಾಶೆ ಹಾಕಿ ಒಂದೇ ಊರಿನಲ್ಲಿ ಕಟ್ಟಿಸಿದವನು ಎಂದು ಮಾಮಲೇದಾರ ಕಚೇರಿಯ ಕಾರಕೂನ ಶೇಷಪ್ಪನವರು ಓದಿ ಹೇಳಿದರು. ಓಣಿಯಲ್ಲಿ ಇಂಗ್ಲಿಷು ಬರುತ್ತಿದ್ದುದು ಅವರೊಬ್ಬರಿಗೇ. ಅದೂ ಸಣ್ಣ ಸಣ್ಣ ವಾಕ್ಯವಾದರೆ. ಉದ್ದ ವಾಕ್ಯ ಬಂದಾಗ ಅವರು ಕನ್ನಡಕ ತೆಗೆದು ಒರೆಸಿ "ಇದು ಬ್ಯಾರೆ ವಿಷಯ" ಎಂದು ಮುಂದಕ್ಕೆ ಹೋಗುತ್ತಿದ್ದರು. ಪ್ರತಿ ಚಿತ್ರದ ಕೆಳಗೂ ಊರಿನ ಹೆಸರು ಅಚ್ಚಾಗಿತ್ತು. ಮೆಲ್ಬರ್ನ್.

"ಎಲ್ಲಿ ಬರ್ತೈತ್ರಿ ಅದು?" ಎಂದು ಅಪ್ಪ ಕೇಳಿದ.

"ವಿಲಾಯತಿಯೊಳಗನ ಎಲ್ಲೋ ಒಂದು ಕಡೆ. ಇಂಗ್ಲಿಷಿನ್ಯಾಗ ಬರದದ್ದು ಮತ್ತೆಲ್ಲಿ ಇರ್ತೈತೋ ಬಸಪ್ಪ?"

ಅಲ್ಲಿಗೆ ಆ ಊರು ವಿಲಾಯತಿಯಲ್ಲೇ ಉಳಿಯಿತು.

ಆ ಮನೆಗಳ ಮೋಜು ಏನು ಹೇಳಲಿ! ಪ್ರತಿ ಕೋಣೆಯ ಗೋಡೆಯಲ್ಲೂ ಕಮಾನಿನ ಗೂಡು. ಅಪ್ಪ ಅದನ್ನು ದೇವರ ಮಾಡವೆಂದು ತಿಳಿದು, "ಏನ್ ಭಕ್ತಿರಿ ಈ ಸಾಹೇಬಂದು, ಮಲಗೋ ಕ್ವಾಣ್ಯಾಗ ಸುದ್ದೆ ದೇವರಮನಿ ಇಟ್ಟಾನ" ಎಂದು ಓಣಿಗೆಲ್ಲ ತೋರಿಸಿ ಬಂದ. ಅದು ಚಳಿಗೆ ಬೆಂಕಿ ಹಾಕುವ ಒಲೆ ಎಂದು ಶೇಷಪ್ಪನವರು ಹೇಳಿದಾಗ ಎರಡು ದಿನ ಅವನಿಗೆ ಮುಖ ಇರಲಿಲ್ಲ. ಅವನು ಮನಸೋತದ್ದು ಮಾತ್ರ ಬೇರೆಯದಕ್ಕೆ. ಮನೆಯ ಮುಂದಿನ ಪಡಸಾಲೆಗಳಿಗೆ. ಕಂಬದಿಂದ ಕಂಬಕ್ಕೆ ಎರಕದ ಕಬ್ಬಿಣದ ಹೂಬಳ್ಳಿ, ಸೀರೆಯ ಅಂಚಿನ ಹಾಗೆ. ಅದರ ನೆರಳನ್ನು ಸಹ ಸಾಹೇಬ ನೆಲದ ಮೇಲೆ ಬರೆದು ತೋರಿಸಿದ್ದ. "ನೆರಳು ಬರದಾನ ನೋಡು" ಎಂದು ಅಪ್ಪ ಬೆರಳಿಟ್ಟು ತೋರಿಸುತ್ತಿದ್ದ. "ಮನಿ ಎಲ್ಲಾರೂ ಬರೀತಾರ. ಇಂವ ಬಿಸಲು ಬರದಾನ."

ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಇಂಗ್ಲಿಷು ಬಾರದಿದ್ದರೂ ಆ ಊರಿನ ಹೆಸರನ್ನು ಪಾಟಿಯ ಮೇಲೆ ಚಿತ್ರದಂತೆ ನಕಲು ಮಾಡುತ್ತಿದ್ದೆ. ಮೊದಲಕ್ಷರ ಎರಡು ಗುಡ್ಡ ಒತ್ತಟ್ಟಿಗೆ ನಿಂತ ಹಾಗೆ, ಮೂರನೆಯದು ಗೋಡೆಗೆ ಒರಗಿಸಿದ ಕೋಲಿನ ಹಾಗೆ. ಈ ಹುಡುಗಾಟ ಮುಂದೆ ಯಾವ ಕೆಲಸಕ್ಕೆ ಬಂತು ಎಂಬುದನ್ನು ಹೇಳುತ್ತೇನೆ.

ಆ ವರ್ಷ ಶಿವರಾತ್ರಿ ಮುಗಿದ ಮೇಲೆ ನೀಲಕ್ಕ ಮನೆಗೆ ಬಂದಳು.

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಹಿರೇಕೆರೂರ ಕಡೆಯ ಚಿಕ್ಕೇರೂರಿಗೆ ಕೊಟ್ಟಿದ್ದೆವು. ಆಕೆ ಬಂದದ್ದು ಹಬ್ಬಕ್ಕಲ್ಲ, ಟ್ರಂಕಿನ ಸಮೇತ. ಗಾಡಿ ಹೊಡೆದುಕೊಂಡು ಬಂದ ಆಕೆಯ ಮಾವನ ತಮ್ಮ ನಮ್ಮ ಮನೆಯಲ್ಲಿ ನೀರನ್ನೂ ಮುಟ್ಟಲಿಲ್ಲ. "ಆರಾಮ ಆದ ಮ್ಯಾಲೆ ಹೇಳಿ ಕಳಸ್ರಿ" ಎಂದು ಎತ್ತು ತಿರುಗಿಸಿದ. ಆಕೆ ಕೆಮ್ಮಿದಾಗ ಅವ್ವ ಸೆರಗಿನಿಂದ ಆಕೆಯ ಬಾಯಿ ಒರೆಸಿ, ಸೆರಗನ್ನು ನೋಡಿ, ಮಡಚಿ ಒಳಗೆ ಸಿಕ್ಕಿಸಿಕೊಂಡಳು. ಆ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕಡೆಯ ತನಕ ಎತ್ತಲಿಲ್ಲ.

ಶಿಗ್ಗಾವಿಗೆ ಹೊಸದಾಗಿ ಒಬ್ಬ ಡಾಕ್ಟರು ಬಂದಿದ್ದರು. ಅಪ್ಪ ಅಕ್ಕನನ್ನು ಕಮಾನು ಗಾಡಿಯಲ್ಲಿ ಅಲ್ಲಿಗೆ ಕರೆದೊಯ್ದ. ನಾನೂ ಹಟ ಮಾಡಿ ಹತ್ತಿದ್ದೆ. ಡಾಕ್ಟರು ಬೆನ್ನಿಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅಪ್ಪನನ್ನು ಕಟ್ಟೆಗೆ ಕರೆದು ಹೇಳಿದರು: "ಇದಕ್ಕ ದೊಡ್ಡ ಔಷಧ ನಮ್ಮ ಹತ್ತರ ಇಲ್ಲಪ್ಪ. ಗಾಳಿ, ಹಾಲು, ಬಿಸಲು. ಮಳಿಗಾಲ ಹೆಂಗರ ದಾಟಸ್ರಿ. ಮಾಗಿ ಬಂತಂದ್ರ ಮಲಗಿದಲ್ಲೇ ಮೈಮ್ಯಾಲೆ ಬಿಸಲು ಬೀಳಬೇಕು. ಆ ನಾಲ್ಕು ತಿಂಗಳು ಗೆದ್ರ ಹುಡುಗಿ ಗೆದ್ಲು."

ಹಿಂದಿರುಗುವಾಗ ಗಾಡಿಯನ್ನು ಅಪ್ಪನೇ ಹೊಡೆದ. ಊರು ಹತ್ತಿರ ಬಂದಾಗ, "ನಾ ಗೌಂಡಿ ಅದೇನಿ. ಬಿಸಲು ತರೂದು ನನಗ ದೊಡ್ಡದಲ್ಲ" ಎಂದ. ಯಾರಿಗೆ ಹೇಳಿದನೋ. ಎತ್ತಿಗೆ ಇರಬೇಕು.

ಮನೆಯ ಹಿಂದೆ ನಮ್ಮದೊಂದು ಖಾಲಿ ಜಾಗವಿತ್ತು. ಅಲ್ಲಿ ಒಂದು ಕೋಣೆ, ಕೋಣೆಯ ಮುಂದೆ ಸಾಹೇಬನ ಪುಸ್ತಕದಂಥದೇ ಪಡಸಾಲೆ ಕಟ್ಟಬೇಕೆಂದು ಅಪ್ಪ ಲೆಕ್ಕ ಹಾಕಿದ. ಮಾಗಿಯಲ್ಲಿ ಹೊತ್ತು ತೆಂಕಲಿಗೆ, ಅಂದರೆ ದಕ್ಷಿಣಕ್ಕೆ ಸರಿಯುತ್ತದೆ; ಅಂಗಳದಲ್ಲಿ ಹಪ್ಪಳ ಒಣಹಾಕುವ ಹುಡುಗಿಗೂ ಅದು ಗೊತ್ತು. ಹಾಗಾದರೆ ಪಡಸಾಲೆ ತೆಂಕಲಿಗೆ ಮುಖ ಮಾಡಬೇಕು. ಆದರೆ ತೆಂಕಲು ಯಮನ ದಿಕ್ಕು. ಗಟ್ಟಿಮುಟ್ಟಾದವರೇ ಅತ್ತ ಬಾಗಿಲಿಡಲು ಹಿಂದೆಮುಂದೆ ನೋಡುವಾಗ, ಬೇನೆ ಬಿದ್ದ ಹುಡುಗಿಯನ್ನು ಅತ್ತ ಮುಖ ಮಾಡಿ ಮಲಗಿಸುವವರು ಯಾರು? ಅಪ್ಪ ನಾಲ್ಕು ದಿನ ಖಾಲಿ ಜಾಗದಲ್ಲಿ ಸುಮ್ಮನೆ ಸುತ್ತಿದ. ಐದನೆಯ ದಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಶೇಷಪ್ಪನವರ ಮನೆಗೆ ನಡೆದ. ತನಗೆ ಬಹಳ ಹಿಡಿಸಿದ ಪಡಸಾಲೆಯ ಚಿತ್ರ ತೆಗೆದು, "ಇದರ ಕೆಳಗ ಏನ್ ಬರದೈತಿ ಒಂದೀಟು ನೋಡ್ರಿ" ಎಂದ.

ಶೇಷಪ್ಪನವರು ಓದಿದರು. ಈ ಪಡಸಾಲೆ ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲವೆಲ್ಲ ಇಲ್ಲಿ ಬಿಸಿಲು ಬೀಳುತ್ತದೆ. ಬೇನೆಯಿಂದ ಏಳುವವರಿಗೆ ಹಿತ. ಅದರ ಮುಂದೆ ಉದ್ದಕ್ಕೆ ಏನೋ ಇತ್ತು. ಅವರು ಕನ್ನಡಕ ತೆಗೆದು ಒರೆಸಿ, "ಮುಂದಿಂದು ಬ್ಯಾರೆ ವಿಷಯ" ಎಂದರು.

ಅಪ್ಪ ಮನೆಗೆ ಓಡಿಯೇ ಬಂದ. "ಬಡಗಲಿಗೆ! ಬಡಗಲಿಗೆ ಮಾರಿ ಮಾಡಬೇಕಂತ. ಪುಸ್ತಕದಾಗ ಐತಿ!"

ಅವ್ವ ಕೈಮುಗಿದು ಸಾಹೇಬನಿಗೆ ನೂರು ವರ್ಷ ಹರಸಿದಳು. ಹಾಸಿಗೆಯ ಮೇಲಿದ್ದ ನೀಲಕ್ಕ ಮಾತ್ರ ಮೆಲ್ಲಗೆ ಕೇಳಿದಳು: "ಮಾಗ್ಯಾಗ ಹೊತ್ತು ತೆಂಕಲಿಗೆ ಹೋಗತೈತಲ್ಲಪ್ಪಾ?"

"ಸಾಹೇಬ ತಿಳೀದ ಬರದಾನೇನು?"

"ಅಂವ ಹೊತ್ತಿಗೆ ಹೇಳಿ ಕಟ್ಟಿಸಿರಬೇಕು ತಗೋ" ಎಂದು ನಕ್ಕಳು.

ನಮ್ಮ ಓಣಿಯವರೂ ಸುಮ್ಮನೆ ಇರಲಿಲ್ಲ. ವಿಲಾಯತಿಯ ಮನೆ ಹಾನಗಲ್ಲಿಗೆ ಹೊಂದುತ್ತದೆಯೇ ಎಂದು ಒಬ್ಬರು ಕೇಳಿದರು. ಅಪ್ಪ ಸವಣೂರಿನ ದೊಡ್ಡ ಹುಣಸೆ ಮರಗಳನ್ನು ಮಾತಿಗೆ ಎಳೆದು ತಂದ. ಐದಾರು ಜನ ಕೈಕೈ ಹಿಡಿದರೂ ತಬ್ಬಲಾಗದ ಆ ಮರಗಳು ಪರದೇಶದಿಂದ ಬಂದವೆಂದು ಹಿರಿಯರು ಹೇಳುತ್ತಿದ್ದರಲ್ಲ, ಅದು. "ಗಿಡಾನ ಬಂದು ನಿಂತೈತಿ. ಪಡಸಾಲಿ ನಿಂದರೂದಿಲ್ಲೇನ್ರಿ?"

ಆ ಕೋಣೆ ಎದ್ದಂತೆ ಬೇರೆ ಯಾವ ಕಟ್ಟಡವೂ ಅಪ್ಪನ ಕೈಯಲ್ಲಿ ಎದ್ದಿರಲಿಲ್ಲ. ಗಾಣದ ಕಲ್ಲಿನಲ್ಲಿ ಗಾರೆ ಅರೆದು ಅರೆದು ಬೆಣ್ಣೆ ಮಾಡಿದ. ಎರಕದ ಕಬ್ಬಿಣ ನಮಗೆಲ್ಲಿಂದ ಬರಬೇಕು? ಘಾಸಲೇಟಿನ, ಅಂದರೆ ಸೀಮೆಎಣ್ಣೆಯ, ಖಾಲಿ ಡಬ್ಬಿಗಳನ್ನು ತಟ್ಟಿ ತಗಡು ಮಾಡಿ, ಸಣ್ಣ ಉಳಿಯಿಂದ ಸಾಹೇಬನ ಹೂಬಳ್ಳಿಯನ್ನು ತಾನೇ ಕೊರೆದ. ಬೆರಳಿಗೆಲ್ಲ ಗಾಯ. ನೀಲಕ್ಕ ಹಾಸಿಗೆಯಿಂದಲೇ ಕಣ್ಣಿಟ್ಟಿದ್ದು, "ಅಪ್ಪಾ, ಆ ಹೂವಿಗೆ ಐದ ಎಸಳು, ನೀ ನಾಕ ಕೊರದಿ. ನಿನ್ನ ಸಾಹೇಬ ಬಂದು ಕೂಲಿ ಮುರಕೋತಾನ ನೋಡು" ಎಂದು ಕಾಡುತ್ತಿದ್ದಳು. ಸಾಹೇಬ ಹೀಗೆ ನಮ್ಮ ಮನೆಯವನೇ ಆಗಿಬಿಟ್ಟಿದ್ದ. ಊಟಕ್ಕೆ ಕೂತಾಗ ಅವನಿಗೊಂದು ತಾಟು ಹಾಕುವುದಷ್ಟೇ ಬಾಕಿ.

ವೈಶಾಖದಲ್ಲಿ ಅಕ್ಕನನ್ನು ಹೊಸ ಪಡಸಾಲೆಗೆ ತಂದು ಮಲಗಿಸಿದೆವು. ಮರುದಿನ ಮುಂಜಾನೆ ನೋಡುತ್ತೇವೆ: ಬಿಸಿಲು! ಬಡಗಲ ಪಡಸಾಲೆಗೆ ಓರೆಯಾಗಿ ಎಳೆಬಿಸಿಲು ಬಂದು ಬಿದ್ದಿದೆ. ತಗಡಿನ ಹೂಬಳ್ಳಿಯ ನೆರಳು ಅಕ್ಕನ ಕೌದಿಯ ಮೇಲೆಲ್ಲ ಹಬ್ಬಿದೆ. ಅಕ್ಕ ಒಂದೊಂದೇ ಹೂವನ್ನು ಬೆರಳಿನಿಂದ ಮುಟ್ಟುತ್ತ, "ಐದನೇ ಎಸಳು ಬಂದೈತಿ ತಂಗೀ" ಎಂದಳು. ಅಪ್ಪ ಪುಸ್ತಕ ಹಣೆಗೆ ಒತ್ತಿಕೊಂಡ. ಬೇಸಗೆಯ ನಡುವೆ ನಮ್ಮ ನಾಡಿನಲ್ಲಿ ಹೊತ್ತು ಸ್ವಲ್ಪ ದಿನ ಬಡಗಲಿಗೆ ಹೋಗಿ ಬರುತ್ತದೆ, ಅಷ್ಟೇ. ಆ ನೆಂಟ ಖಾಯಂ ಇರಲು ಬಂದನೆಂದು ನಾವು ತಿಳಿದೆವು.

ಮಳೆಗಾಲ ಬಂತು, ಹೋಯಿತು. ನವರಾತ್ರಿಯ ಹೊತ್ತಿಗೆ ಬಿಸಿಲು ಪಡಸಾಲೆಯ ಅಂಚಿನಲ್ಲಿ ಗೆರೆಯಾಗಿ ನಿಂತಿತ್ತು. ದೀಪಾವಳಿಗೆ ಆ ಗೆರೆಯೂ ಇಲ್ಲ. ಬಡಗಲ ಗಾಳಿ ಮಾತ್ರ ತಗಡಿನ ಹೂಗಳ ನಡುವೆ ಸುಯ್ ಎಂದು ತೂರಿ ಬರುತ್ತಿತ್ತು. ಕೋಣೆಯ ಹಿಂದೆ, ತೆಂಕಲ ಬದಿಯ ಬಣವೆಯ ಬಯಲಿನಲ್ಲಿ, ಹೊನ್ನಿನಂಥ ಬಿಸಿಲು ಚೆಲ್ಲಿ ಬಿದ್ದಿರುತ್ತಿತ್ತು. ನಡುವೆ ಅಪ್ಪನೇ ಕಟ್ಟಿದ, ಒಂದು ಕಿಂಡಿಯೂ ಇಲ್ಲದ ಗೋಡೆ.

ಮಂಚವನ್ನೇ ಬಯಲಿಗೆ ಒಯ್ಯಬಹುದಿತ್ತಲ್ಲ ಎನ್ನುತ್ತೀರಿ. ಒಯ್ದೆವು. ಅವ್ವ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎರಡು ದಿನ ಒಯ್ದೆವು. ಬಯಲಿನ ಅಂಚಿಗೇ ಓಣಿಯ ಬಾವಿಯ ದಾರಿ. ನೀರಿಗೆ ಬಂದ ಹೆಂಗಸರು ಅಕ್ಕ ಕೆಮ್ಮುವುದನ್ನು ಕಂಡು ಸೆರಗು ಮೂಗಿಗೆ ಹಿಡಿದು, ಕೊಡ ಎತ್ತಿಕೊಂಡು ಬೇರೆ ಬಾವಿಗೆ ಹೋದರು. ಅವರಲ್ಲಿ ಅಕ್ಕನ ಜೊತೆ ಕುಂಟೆಬಿಲ್ಲೆ ಆಡಿ ಬೆಳೆದವರಿದ್ದರು. ಮೂರನೆಯ ದಿನ ಅಕ್ಕ ಮಂಚದ ಕಾಲು ಹಿಡಿದುಕೊಂಡಳು. "ನಾ ಒಲ್ಲೆಬೇ ಯವ್ವಾ. ಒಳಗ ಇರತೇನಿ. ಬಿಸಲಿಲ್ಲಂದ್ರ ನಡೀತೈತಿ, ಅವರ ಕಣ್ಣು ನನ್ನ ಮ್ಯಾಲೆ ಬ್ಯಾಡ."

ಮಂಚವನ್ನು ಕೋಣೆಯೊಳಗೆ ಹಾಕಿದೆವು. ಅಂದು ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಓಳಂಬವನ್ನು ಕಂಬಕ್ಕೆ ಕಟ್ಟಿ ಇಳಿಬಿಟ್ಟು, ಅದನ್ನೇ ನೋಡುತ್ತ ಪಡಸಾಲೆಯಲ್ಲಿ ಕೂತಿದ್ದ. ಮಧ್ಯಾಹ್ನ ಎದ್ದು ಸುತ್ತಿಗೆ, ಉಳಿ ತಂದ. ತೆಂಕಲ ಗೋಡೆಯ ಮೇಲೆ ಇದ್ದಿಲಿನಿಂದ ಚೌಕ ಬರೆದ.

ಅವ್ವ ಒಳಗಿನಿಂದ ಬಂದವಳೇ ಆ ಚೌಕಕ್ಕೆ ಬೆನ್ನು ಕೊಟ್ಟು ನಿಂತಳು. "ಯಮನ ದಿಕ್ಕಿಗೆ ಕಿಂಡಿ ತಗೀತೀಯಾ? ಅದೂ ಕೂಸು ಮಲಗಿದ ಕ್ವಾಣ್ಯಾಗ? ಮೊದಲ ನನ್ನ ಮೈಮ್ಯಾಲೆ ಸುತ್ತಿಗಿ ಹಾಕು."

"ಸರಿ ಆಕಡೆ."

"ಸರಿಯೂದಿಲ್ಲ. ನಿನ್ನ ಸಾಹೇಬನೂ ಇದನ್ನ ಬರಿಲಿಲ್ಲಲ್ಲ. ಅಂವ ಬಡಗಲಿಗೆ ಅಂದಾನ."

ಅಪ್ಪ ಸುತ್ತಿಗೆ ನೆಲಕ್ಕಿಟ್ಟ. ಆಗ ಮಂಚದ ಮೇಲಿಂದ ನೀಲಕ್ಕ ಹೇಳಿದಳು: "ಯವ್ವಾ, ಯಮ ಬರಾಂವಿದ್ರ ಬಾಗಲದಾಗನ ಬರ್ತಾನ. ಇಷ್ಟ ಸಣ್ಣ ಕಿಟಕ್ಯಾಗ ಅವನ ಕೋಣ ಹಿಡಸೂದಿಲ್ಲ."

ಅವ್ವ ನಕ್ಕಳು. ನಗುತ್ತಲೇ ಅಳು ಬಂದು ಮುಖಕ್ಕೆ ಸೆರಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು.

ಸಂಕ್ರಮಣಕ್ಕೆ ಮೊದಲೇ ಕಿಟಕಿಯಾಯಿತು. ಅಕ್ಕನ ಮಾತಿನಂತೆ ಪಡಸಾಲೆಯಿಂದ ಒಂದು ಹಲಗೆ ತಗಡಿನ ಬಳ್ಳಿ ಕಿತ್ತು ಅಲ್ಲಿ ಕೂಡಿಸಿದ. ಬಿಸಿಲು ಮಂಚದ ಮೇಲೆ ಬಿತ್ತು, ಹೂವೂ ಬಿದ್ದವು. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಹಬ್ಬವಿದ್ದ ಹಾಗಿತ್ತು. ಅಕ್ಕ ಎದ್ದು ಕೂತು ನನಗೆ ಜಡೆ ಹಾಕಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಅರ್ಧ ತಿಂದಳು. ಬಿಸಿಲಿನಲ್ಲಿ ಬೆನ್ನು ಕಾಯಿಸಿಕೊಳ್ಳುತ್ತ, "ಪಾರೂ, ಆರಾಮಾತಂದ್ರ ನಾ ಚಿಕ್ಕೇರೂರಿಗೆ ಹೋಗೂದಿಲ್ಲ. ಇಲ್ಲೇ ಅಪ್ಪನ ಕೂಡ ಹೂವು ಕೊರಕೋತ ಇರತೇನಿ" ಎಂದಳು.

ಶಿವರಾತ್ರಿಗೆ ಎಂಟು ದಿನ ಇರುವಾಗ, ಮುಂಜಾನೆಯ ಹೊತ್ತು, ಆಕೆ ಹೋದಳು. ಬಿಸಿಲು ಇನ್ನೂ ಕಿಟಕಿಯಿಂದ ಇಳಿದು ಮಂಚಕ್ಕೆ ಮುಟ್ಟಿರಲಿಲ್ಲ.

ಮಣ್ಣಿಗೆ ಬಂದ ಓಣಿಯವರ ಕಣ್ಣು ಮೊದಲು ಹೋದದ್ದು ಆ ಕಿಟಕಿಗೆ. ಯಾರೂ ಜೋರಾಗಿ ಅನ್ನಲಿಲ್ಲ. ಆದರೆ ಎಲ್ಲರಿಗೂ ಉತ್ತರ ಸಿಕ್ಕಿತ್ತು. ಬಡಗಲಿಗೆ ಮುಖ ಮಾಡಿ ಮಲಗಿದ್ದಾಗ ಎಂಟು ತಿಂಗಳು ಬದುಕಿದ್ದ ಹುಡುಗಿ ತೆಂಕಲಿಗೆ ಕಿಂಡಿ ತೆಗೆದ ತಿಂಗಳಿಗೇ ಹೋದಳಲ್ಲ. ಅವ್ವ ಅಪ್ಪನಿಗೆ ಬೈಯಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ದಿನ ಆ ಕಿಟಕಿಯನ್ನೇ ನೋಡುತ್ತ, "ಕೋಣ ಹಿಡೀತಲ್ಲ" ಎಂದಳು. ಅಷ್ಟೇ.

ಅಪ್ಪ ಆ ದಿನವೇ ಕಲ್ಲು, ಗಾರೆ ತಂದು ಕಿಟಕಿ ಮುಚ್ಚಿದ. ಹೂಬಳ್ಳಿಯನ್ನು ತೆಗೆಯಲೂ ಇಲ್ಲ. ಅದನ್ನು ಒಳಗಿಟ್ಟೇ ಗೋಡೆ ಕಟ್ಟಿದ. ಪುಸ್ತಕ ರುಮಾಲಿನಲ್ಲಿ ಸುತ್ತಿ ಅಟ್ಟಕ್ಕೆ ಹೋಯಿತು. ಮುಂದೆಯೂ ಅವನು ಮನೆ ಕಟ್ಟಿದ, ಕಟ್ಟಲೇಬೇಕಲ್ಲ. ಆದರೆ "ಬಸಪ್ಪಣ್ಣ, ಕಿಟಕಿ ಎಲ್ಲಿ ಇಡೂಣು?" ಎಂದು ಯಾರಾದರೂ ಕೇಳಿದರೆ, "ನೀವು ಹೇಳಿದಲ್ಲಿ ಇಡತೇನ್ರಿ" ಎನ್ನುತ್ತಿದ್ದ. ಕಿಟಕಿಗಾಗಿ ಊರ ಮೇಲೆ ಜಗಳ ಕಾಯುತ್ತಿದ್ದ ಮನುಷ್ಯನ ಬಾಯಿಂದ ಆ ಮಾತು ಕೇಳಿದಾಗ ನನಗೆ ಎದ್ದು ಎಲ್ಲಿಗಾದರೂ ಓಡಿಹೋಗಬೇಕೆನಿಸುತ್ತಿತ್ತು.

ನಾನು ಓಡಿಹೋದದ್ದು ಧಾರವಾಡಕ್ಕೆ, ಮಾಸ್ತರಿಕೆಯ ಟ್ರೇನಿಂಗಿಗೆ. ಆಗ ಯುದ್ಧ ನಡೆದಿತ್ತು, ಘಾಸಲೇಟಿಗೆ ಪಾಳಿ ಹಚ್ಚುತ್ತಿದ್ದೆವು. ಒಂದು ದಿನ ಭೂಗೋಲದ ತಾಸಿನಲ್ಲಿ ಬಾಯಿಯವರು, ಅಂದರೆ ನಮಗೆ ಕಲಿಸುವ ಹೆಣ್ಣು ಮಾಸ್ತರರು, ಮೇಜಿನ ಮೇಲೆ ಗೋಲ ಇಟ್ಟು, ಪಕ್ಕಕ್ಕೆ ಕಂದೀಲು ಹಿಡಿದು ತಿರುಗಿಸಿದರು. ಹೊತ್ತು ನಮ್ಮಿಂದ ದಕ್ಷಿಣಕ್ಕೆ ಸರಿದಾಗ ನಮಗೆ ಚಳಿಗಾಲ, ಕೆಳಗಿನವರಿಗೆ ಬೇಸಿಗೆ. ಕೆಳಗಿನವರ ಚಳಿಗಾಲದಲ್ಲಿ ಹೊತ್ತು ಅವರ ಉತ್ತರಕ್ಕೆ. ನಾನು ಕೆಳಗೆ ಬಗ್ಗಿ ನೋಡಿದೆ. ಗೋಲದ ತಳದ ಹತ್ತಿರ, ದೊಡ್ಡದೊಂದು ನಡುಗಡ್ಡೆಯ ಅಂಚಿನಲ್ಲಿ, ಎರಡು ಗುಡ್ಡ ಒತ್ತಟ್ಟಿಗೆ ನಿಂತ ಅಕ್ಷರ. ಮುಂದೆ ಗೋಡೆಗೆ ಒರಗಿಸಿದ ಕೋಲು.

"ಬಾಯಾರ, ಈ ಊರು ವಿಲಾಯತಿಯೊಳಗ ಇಲ್ಲೇನ್ರಿ?"

"ಇಲ್ಲವ್ವಾ. ವಿಲಾಯತಿಯವರು ಅಲ್ಲಿ ಮೊದಲಿದ್ದವರನ್ನ ಸರಿಸಿ, ತಾವು ಹೋಗಿ ನೆಲೆಸಿ ಕಟ್ಟಿಕೊಂಡ ಊರು ಅದು. ಯಾಕ, ನಿಮ್ಮವರು ಯಾರರೆ ಅದಾರೇನು?"

ಹುಡುಗಿಯರೆಲ್ಲ ನಕ್ಕರು. ನಮ್ಮವನೊಬ್ಬ ಇದ್ದಾನೆಂದು ಹೇಗೆ ಹೇಳಲಿ?

ಸಂಕ್ರಮಣದ ಸೂಟಿಗೆ ಊರಿಗೆ ಹೊರಟಾಗ ಬಸ್ಸು ಶಿಗ್ಗಾವಿಯಲ್ಲಿ ನಿಂತಿತು. ಆ ಡಾಕ್ಟರ ಕಟ್ಟೆ ಕಂಡಿತು. ಅಲ್ಲಿಂದ ಹಾನಗಲ್ಲಿನ ತನಕ ನನಗೆ ಒಂದೇ ಚಿಂತೆ. ಅಪ್ಪನಿಗೆ ಹೇಳುವುದೋ ಬೇಡವೋ? ಹೇಳಿದರೆ ತೆಂಕಲ ಕಿಟಕಿಯ ಮೇಲಿನ ಅಪವಾದ ತೊಳೆದುಹೋಗುತ್ತದೆ. ಆದರೆ ಬಡಗಲ ಪಡಸಾಲೆ? ದೀಪಾವಳಿಯಿಂದ ಸಂಕ್ರಮಣದವರೆಗೆ ಅಕ್ಕ ನೆರಳಿನಲ್ಲಿ ಮಲಗಿದ ಆ ದಿನಗಳು? ಒಂದು ಭಾರ ಇಳಿಸಿ ಅದಕ್ಕಿಂತ ದೊಡ್ಡದನ್ನು ಹೊರಿಸಿದಂತಾಗುವುದಿಲ್ಲವೇ?

ಬಾಯಿ ಬಿಗಿಹಿಡಿಯುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಮನೆಗೆ ಬಂದ ದಿನವೇ ಅಟ್ಟದಿಂದ ಪುಸ್ತಕ ಇಳಿಸಿದೆ. ಶೇಷಪ್ಪನವರು ಬಿಟ್ಟಿದ್ದ ಉದ್ದ ವಾಕ್ಯಗಳನ್ನು ಟ್ರೇನಿಂಗಿನಲ್ಲಿ ಕಲಿತ ಅರೆಬರೆ ಇಂಗ್ಲಿಷಿನಲ್ಲಿ ತಡವರಿಸಿ ಓದಿದೆ. ಆಮೇಲೆ ಒಂದು ಪೇರಲ ಹಣ್ಣು ಹಿಡಿದು ಅಪ್ಪನ ಮುಂದೆ ಕೂತು ಭೂಮಿ ಮಾಡಿ ತೋರಿಸಿದೆ. ಪುಸ್ತಕದಲ್ಲಿದ್ದುದನ್ನೂ ಹೇಳಿದೆ. ತಮ್ಮ ದೇಶ ಬಿಟ್ಟು ಆ ಊರಿಗೆ ಬಂದ ಜನ ಹಳೆಯ ರೂಢಿ ಬಿಡದೆ ದಕ್ಷಿಣಕ್ಕೆ ಮುಖ ಮಾಡಿ ಮನೆ ಕಟ್ಟಿ, ಚಳಿಯಲ್ಲಿ ಕತ್ತಲೆಯಲ್ಲಿ ಕೂತಿದ್ದರಂತೆ. ಈ ಸಾಹೇಬ ಅಲ್ಲಿಯ ಆಕಾಶವನ್ನು ವರ್ಷವೆಲ್ಲ ನೋಡಿ, ಅವರ ಜೊತೆ ಜಗಳವಾಡಿ, ಮನೆಗಳನ್ನು ಉತ್ತರಕ್ಕೆ ತಿರುಗಿಸಿದನಂತೆ.

ಅಪ್ಪ ಪೇರಲವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತ್ತು.

"ಪುಸ್ತಕ ನಮ್ಮನ್ನ ಹಾದಿ ತಪ್ಪಿಸ್ತಪ್ಪಾ. ನಿನ್ನ ತಪ್ಪಿಲ್ಲ" ಎಂದೆ.

"ಸಾಹೇಬನ ಮ್ಯಾಲೆ ಹಾಕಬ್ಯಾಡ ಪಾರೂ" ಎಂದ ಅಪ್ಪ. "ಅವರ ಹೊತ್ತು ಬಡಗಲಿಗೆ, ತಿಳೀತು. ನಮ್ಮ ಹೊತ್ತು ತೆಂಕಲಿಗೆ ಅನ್ನೂದು ನಾ ಯಾರ ಕಡಿಂದ ಕಲೀಬೇಕಾಗಿತ್ತು? ನೀಲವ್ವಗ ಗೊತ್ತಿತ್ತು. ನನಗ ಗೊತ್ತಿರಲಿಲ್ಲೇನು? ಈ ಓಳಂಬದ ನೆರಳು ನೋಡಕೋತ ಮುದುಕ ಆಗೇನಿ. ಮಾಗ್ಯಾಗ ಅದರ ನೆರಳು ಬಡಗಲಿಗೇ ಬೀಳತೈತಿ."

"ಮತ್ತ ಯಾಕಪ್ಪಾ...?"

"ಹೆದರಿದ್ದೆ. ನಿಮ್ಮವ್ವ ಹೆದರಿದಳು ಅಂತೀರಿ ಎಲ್ಲಾರೂ. ಅಕಿಕಿಂತ ಮೊದಲ ನಾ ಹೆದರಿದ್ದೆ. ತೆಂಕಲಿಗೆ ಕಟ್ಟಿ ಏನರೆ ಆದ್ರ? ನನಗೊಂದು ನೆವ ಬೇಕಾಗಿತ್ತು. ಪುಸ್ತಕದಾಗ ಸಿಕ್ತು. ಹಿಡಕೊಂಡು ಓಡಿ ಬಂದೆ." ಪೇರಲದ ಕೆಳಬದಿಗೆ ಹೆಬ್ಬೆರಳು ಒತ್ತಿ ನೋಡಿದ. ಆಮೇಲೆ ಕೇಳಿದ: "ಹಂಗಾದ್ರ ಅವನ ಊರಾಗ ಪಡಸಾಲಿಗೆ ಬಿಸಲು ಬಿದ್ದಿರಬೇಕು ಅಲ್ಲೇನು? ಮಲಗಿದವರ ಮ್ಯಾಲೆ?"

"ಬಿದ್ದಿರಬೇಕಪ್ಪಾ."

"ಛಲೋ ಆತು" ಎಂದು ಪೇರಲವನ್ನು ನನ್ನ ಕೈಯಲ್ಲಿಟ್ಟ. "ಯಾರಿಗರೆ ಬಿತ್ತಲ್ಲ."

ಮರುದಿನ ಮುಂಜಾನೆ ಸುತ್ತಿಗೆಯ ಸಪ್ಪಳಕ್ಕೆ ಎದ್ದೆ. ಹಿಂದಿನ ಕೋಣೆಯಲ್ಲಿ ಅಪ್ಪ ತೆಂಕಲ ಗೋಡೆಯ ಕಲ್ಲು ಬಿಡಿಸುತ್ತಿದ್ದ. ಮೊದಲಿನ ಕೈಯಲ್ಲ, ಎರಡು ಪೆಟ್ಟಿಗೊಮ್ಮೆ ನಿಂತು ಉಸಿರು ಹಿರಿಯುತ್ತಿದ್ದ. ಅವ್ವ ಬಂದು ಬಾಗಿಲಲ್ಲಿ ನಿಂತಳು. ನಾನು ಏನಾಗುವುದೋ ಎಂದು ನೋಡುತ್ತಿದ್ದೆ. ಆಕೆ ಮೂಲೆಯಲ್ಲಿದ್ದ ಬುಟ್ಟಿ ಎತ್ತಿಕೊಂಡು ಹೋಗಿ ಗೋಡೆಯ ಬುಡಕ್ಕೆ ಹಿಡಿದಳು. ಅಪ್ಪ ಬಿಡಿಸಿದ ಕಲ್ಲುಗಳನ್ನು ಒಂದೊಂದಾಗಿ ಅದರಲ್ಲಿ ಇಡತೊಡಗಿದ. ತುಂಬಿದಾಗ ಆಕೆ ಹೊತ್ತು ಬಯಲಿಗೆ ಸುರಿದು ಮತ್ತೆ ತಂದು ಹಿಡಿದಳು.

ಒಳಗಿದ್ದ ಹೂಬಳ್ಳಿ ತುಕ್ಕು ಹಿಡಿದು ಅರ್ಧ ಉದುರಿತ್ತು. ಉಳಿದರ್ಧದ ನೆರಳು ನೆಲದ ಮೇಲೆ ಬಿತ್ತು, ಮಂಚವಿದ್ದ ಜಾಗದಲ್ಲೇ. ಆಮೇಲೆ ಆ ಕಿಟಕಿ ಮುಚ್ಚಲಿಲ್ಲ. ಮಾಗಿ ಬಂದರೆ ನಮ್ಮ ಕಡೆ ಅಂಗೈಯಗಲ ಬಿಸಿಲು ಕಂಡರೂ ಹೆಂಗಸರು ಬಿಡುವುದಿಲ್ಲ. ಸಂಡಿಗೆ, ಮೆಣಸಿನಕಾಯಿ, ಕಾಳು, ಏನಾದರೂ ಹರವುತ್ತಾರೆ. ಅವ್ವ ಬದುಕಿದ್ದಷ್ಟು ದಿನ ಆ ಬಿಸಿಲಿನಲ್ಲಿ ಏನನ್ನೂ ಒಣಹಾಕಲಿಲ್ಲ. ದಿನಾ ಮುಂಜಾನೆ ಅಷ್ಟು ಜಾಗ ಸಾರಿಸಿ, ಖಾಲಿ ಬಿಡುತ್ತಿದ್ದಳು.